ಮೂಗಿನ ಎತ್ತರ

ಮೂರು ಇಟ್ಟ ಹಂಸಾಕ ಕೌಂಟರಿನ ಮೇಲೆ,
ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಗಲ್ಲಿಯಲ್ಲಿ:
ಒಂದು ಹೊಗೆಬಣ್ಣದ್ದು, ಒಂದು ಬೆನ್ನುಬ್ಬಿದ್ದು,
ಒಂದು ನೀರಿನಂತೆ ತಿಳಿ, ಮೊರದಷ್ಟು ಎತ್ತರ.
"ಕಪ್ಪು ಹಾಕಿಸಿ ಅಕ್ಕ, ಗಾಡಿಗೆ ಗತ್ತು ಬರುತ್ತೆ" ಎಂದ
ಪಂಕ್ಚರ್ ಹಾಕುತ್ತಿದ್ದ ಹುಡುಗ.
ಗತ್ತು ನನಗೇಕೆ ಮಾರಾಯ,
ನನಗೆ ನಲವತ್ತೊಂದು ದಾಟಿತು, ಗಾಡಿಗೂ ಒಂಬತ್ತು.

ನೂರೈವತ್ತು ಸಿಸಿ. ಓಟಕ್ಕೆಂದು ಹುಟ್ಟಿ
ನನ್ನ ಕೈಗೆ ಸಿಕ್ಕು ರಕ್ತ ಹೊರುತ್ತದೆ.
ದಿನಾ ಆರೂವರೆಗೆ ಲ್ಯಾಬಿನ ಥರ್ಮೊಕೋಲ್ ಪೆಟ್ಟಿಗೆ
ಹಿಂದಿನ ಸೀಟಿಗೆ ಬಿಗಿದು
ಬೇತ್ರಿ, ಮೂರ್ನಾಡು, ಮೇಕೇರಿ, ಮಡಿಕೇರಿ.
ಒಳಗೆ ಯಾರದೋ ಸಕ್ಕರೆ, ಯಾರದೋ ಥೈರಾಯ್ಡು,
ಹೆಸರು ಅಂಟಿಸಿದ ಪುಟ್ಟ ಪುಟ್ಟ ಸೀಸೆ.
"ಕುಲುಕಬೇಡ ಲೋಕೇಶ್ವರಿ, ಕಣ ಒಡೆದರೆ
ಪಾಪ, ಮತ್ತೆ ಚುಚ್ಚಬೇಕು" ಎನ್ನುತ್ತಾಳೆ ಬೊಳ್ಳಮ್ಮ,
ನಾನು ದಾರಿಯುದ್ದಕ್ಕೂ ಮಜ್ಜಿಗೆ ಕಡೆಯುವವಳ ಹಾಗೆ.

ಜನವರಿಯಲ್ಲಿ ಬೇತ್ರಿ ಸೇತುವೆಯ ಮೇಲೆ ಗಾಳಿ
ಹೊಳೆಯಿಂದೆದ್ದು ಬರುತ್ತದೆ, ಒದ್ದೆ ಟವೆಲ್ ಬೀಸಿದಂತೆ
ಎದೆಗೇ. ಕಾವೇರಮ್ಮ, ನಿನ್ನ ಮೇಲೆ ದೂರಲ್ಲ.
ಆದರೆ ಜಾಕೆಟ್ಟಿನೊಳಗೆ ಪೇಪರು ಇಟ್ಟು ಇಟ್ಟು
ನನ್ನ ಅಂಗಿಗೆಲ್ಲ ಹಳೇ ಸುದ್ದಿಯ ಮಸಿ.

ಮೊದಲು ಆ ಎತ್ತರದ್ದನ್ನೇ ಕಟ್ಟಿಸಿದೆ,
ಆಗದಿದ್ದರೆ ವಾಪಸು ಎಂಬ ಕರಾರಿನ ಮೇಲೆ.
ಎದೆಗೆ ಗಾಳಿ ನಿಂತಿತು. ನಿಜ.
ಅಲ್ಲಿ ನಿಂತದ್ದು ಎಲ್ಲಿಗೆ ಹೋಯಿತು ಅಂದರೆ
ಎಲ್ಲ ಒಟ್ಟಾಗಿ ಹೆಲ್ಮೆಟ್ಟಿಗೆ.
ಮೂರ್ನಾಡು ಮುಟ್ಟುವಷ್ಟರಲ್ಲಿ ನನ್ನ ತಲೆ
ಡಬ್ಬಿಯೊಳಗಿನ ಒಂದೇ ಒಂದು ಗೋಲಿ.
ಅವತ್ತು ಸೀಸೆಗಳೆಲ್ಲ ಸರಿಯಿದ್ದವು,
ಕಣ ಒಡೆದದ್ದು ನನ್ನದು.

ಹಂಸಾಕ ನಗಲಿಲ್ಲ. ಗಾಡಿ ಸ್ಟ್ಯಾಂಡಿಗೆ ಹಾಕಿ "ಹತ್ತು" ಎಂದ.
ಹತ್ತಿದೆ.
"ಹಾಗಲ್ಲ. ದಿನಾ ಕೂರುವ ಹಾಗೆ,
ಫೋಟೋಗೆ ಕೂರುವ ಹಾಗಲ್ಲ."
ಬೆನ್ನು ಸಡಿಲ ಬಿಟ್ಟೆ. ಭುಜ ತಾನಾಗಿ ಇಳಿಯಿತು,
ಎಡದ್ದು ಸ್ವಲ್ಪ ಜಾಸ್ತಿ.
ಇಷ್ಟು ವರ್ಷ ನಾನು ಹೇಗೆ ಕೂರುತ್ತೇನೆಂದು
ಯಾರೂ ಅಳೆದಿರಲಿಲ್ಲ.
ರವಿಕೆ ಹೊಲಿಯುವವಳೂ ನಿಲ್ಲಿಸಿಯೇ ಅಳೆದದ್ದು.

ಹೋದ ವರ್ಷದ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ,
ರಟ್ಟನ್ನು ಬಗ್ಗಿಸಿ, ಟೇಪು ಹಾಕಿ ಎದುರು ನಿಲ್ಲಿಸಿದ.
ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ.
ಅರ್ಧ ಬೆರಳು ಕತ್ತರಿಸಿದ. ಮತ್ತೆ ನೋಡಿದ.
"ಇದು ಕಿಟಕಿ ಅಲ್ಲ ಲೋಕೇಶ್ವರಿ.
ಇದರೊಳಗಿಂದ ನೋಡಬಾರದು, ಮೇಲಿಂದ ನೋಡಬೇಕು.
ಮಂಜು ಇಳಿದ ದಿನ ಎಷ್ಟು ತಿಳಿಯಿದ್ದೂ ಏನು, ಬರೀ ಬಿಳಿ.
ಮೂಗಿನ ಎತ್ತರಕ್ಕೆ ನಿಂತರೆ ಸಾಕು.
ಅಲ್ಲಿಂದ ಮೇಲೆ ನಿನ್ನ ಕಣ್ಣು, ನಿನ್ನ ಜವಾಬ್ದಾರಿ."

ಮೇಕೇರಿ ತನಕ ರಟ್ಟಿನಲ್ಲೇ ಹೋಗಿ ಬಂದೆ.
ಎದುರು ಬಂದವರಿಗೆಲ್ಲ ಕಂಡಿರಬೇಕು
ಹರಿಯದೆ ಉಳಿದ ಡಿಸೆಂಬರು, ಅದರ ಕೆಂಪು ಭಾನುವಾರಗಳು.
ಜೀಪಿನವನೊಬ್ಬ ನಿಧಾನಿಸಿ ತಾರೀಕು ಓದಿದ.
ತಲೆ ಅಲುಗಲಿಲ್ಲ.

ಕೊನೆಗೆ ಅದೇ ಎತ್ತರದ್ದನ್ನು ರಟ್ಟಿನ ಅಳತೆಗೆ ಕೊಯ್ದು
ಅರದಲ್ಲಿ ಅಂಚು ಉಜ್ಜಿದ. ಪುಡಿ ಹಾರಿ
ಅವನ ಹುಬ್ಬಿನ ಮೇಲೆ ಕೂತಿತು,
ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ.
ಸಾವಿರದ ಎಂಟುನೂರು. ಇನ್ನೂರು ಬಿಟ್ಟ.
ಕೊಯ್ದ ತುಂಡನ್ನು ಹುಡುಗ ಕಣ್ಣಿಗೆ ಹಿಡಿದು
ನನ್ನನ್ನೇ ನೋಡಿದ.

ತಿರುಪು ನಾನೇ ಹಾಕುತ್ತೇನೆಂದು ಸ್ಪ್ಯಾನರಿಗೆ ಕೈಯಿಟ್ಟೆ.
"ಬೇಡ. ಬೆರಳಲ್ಲೇ ತಿರುಗಿಸು.
ಬಿಗಿ ಹೆಚ್ಚಾದರೆ ಅಲ್ಲಿಂದಲೇ ಬಿರಿಯುವುದು.
ಸ್ವಲ್ಪ ಅದುರಲಿ ಬಿಡು."

ಇವತ್ತು ಸೇತುವೆಯ ಮೇಲೆ ಗಾಳಿ ಬಂತು.
ಮುಂದೆಲ್ಲೋ ತಗ್ಗಿ, ಎದ್ದು,
ಗುರುತು ಸಿಗದವರ ಹಾಗೆ
ನೆತ್ತಿಯ ಮೇಲಿಂದ ದಾಟಿ ಹೋಯಿತು.
ಎದೆಯಲ್ಲಿ ಪೇಪರು ಇದ್ದೇ ಇತ್ತು. ಅಭ್ಯಾಸ.
ಬೆನ್ನ ಹಿಂದೆ ಪೆಟ್ಟಿಗೆಯಲ್ಲಿ ಹನ್ನೊಂದು ಜನ
ಅಲುಗದೆ ಕೂತಿದ್ದರು.